ಕಹಿ ಔಷಧ ಮತ್ತು ಬಾಯಲ್ಲಿ ಕರಗುವ ಮಾತ್ರೆ: ರುಚಿಯನ್ನು ಮರೆಮಾಡುವ ವಿಧಾನಗಳ ವಿವೇಚನೆ

ಮದ್ದು ಕಹಿಯಾಗಿರುವುದು ಸಹಜ, ಅದನ್ನು ಸಹಿಸಿಕೊಳ್ಳುವುದು ರೋಗಿಯ ಪಾಲಿನ ಕೆಲಸ ಎಂಬ ಭಾವನೆ ನಮ್ಮ ಸಮಾಜದಲ್ಲಿ ಬಹುಕಾಲದಿಂದ ಬೇರೂರಿದೆ. ಆಯುರ್ವೇದವು ಷಡ್ರಸಗಳಲ್ಲಿ ಒಂದಾದ ತಿಕ್ತವನ್ನು, ಅಂದರೆ ಕನ್ನಡದ ಕಹಿಯನ್ನು, ಔಷಧದ ದೋಷವೆಂದು ಎಣಿಸದೆ ಅದರ ಗುಣದ ಭಾಗವೆಂದೇ ಎಣಿಸಿತು. ನೆಲಬೇವಿನ ಕಷಾಯವನ್ನು ಕುಡಿಸುವ ಹಿರಿಯರು ಕೈಯಲ್ಲಿ ಒಂದು ಚೂರು ಬೆಲ್ಲವನ್ನು ಹಿಡಿದಿರುತ್ತಿದ್ದರು. ಜೇನಿನಲ್ಲಿ ಚೂರ್ಣವನ್ನು ಕಲಸಿ ನೆಕ್ಕಿಸುವ ಪದ್ಧತಿಯೂ ಇತ್ತು. ಇವೆಲ್ಲವೂ ಕಹಿಯನ್ನು ಇಲ್ಲವಾಗಿಸುವ ಉಪಾಯಗಳಾಗಿರದೆ, ಅದನ್ನು ದಾಟಿಸುವ ಉಪಾಯಗಳಾಗಿದ್ದವು. ಆಧುನಿಕ ಔಷಧ ತಯಾರಿಕೆಯು ನುಂಗುವ ಮಾತ್ರೆಯ ಮೂಲಕ ಈ ಸಮಸ್ಯೆಯನ್ನು ಬಹುಮಟ್ಟಿಗೆ ಬದಿಗಿಟ್ಟಿತು. ಸಕ್ಕರೆಯ ಅಥವಾ ಪಾಲಿಮರಿನ ತೆಳುಪದರವನ್ನು ಹೊದ್ದ ಮಾತ್ರೆಯು ನಾಲಗೆಯ ಮೇಲೆ ಕೆಲವು ಕ್ಷಣ ಮಾತ್ರ ನಿಂತು, ನೀರಿನೊಡನೆ ಗಂಟಲಿನಿಂದ ಇಳಿದುಹೋಗುತ್ತದೆ.

ಆದರೆ ನುಂಗಲಾರದವರ ಸಂಖ್ಯೆ ಅಲ್ಪವಲ್ಲ. ಎಳೆಯ ಮಕ್ಕಳು, ಪಾರ್ಶ್ವವಾಯುವಿನಿಂದ ಗಂಟಲ ಸ್ನಾಯುಗಳ ಹಿಡಿತ ಕಳೆದುಕೊಂಡವರು, ಪಾರ್ಕಿನ್‌ಸನ್ ರೋಗವುಳ್ಳ ವೃದ್ಧರು, ಅರ್ಬುದ ಚಿಕಿತ್ಸೆಯಿಂದಾಗಿ ಗುಟುಕು ನೀರನ್ನೂ ವಾಂತಿ ಮಾಡಿಕೊಳ್ಳುವವರು, ಮಾತ್ರೆಯನ್ನು ಕೆನ್ನೆಯೊಳಗೆ ಅಡಗಿಸಿಟ್ಟು ಆಮೇಲೆ ಉಗುಳುವ ಮನೋರೋಗಿಗಳು, ಇವರೆಲ್ಲರನ್ನೂ ಉದ್ದೇಶಿಸಿ ರೂಪುಗೊಂಡದ್ದು ನೀರಿನ ನೆರವಿಲ್ಲದೆ ನಾಲಗೆಯ ಮೇಲೆಯೇ ಕರಗುವ ಮಾತ್ರೆ. ಇಲ್ಲಿಯೇ ವಿರೋಧಾಭಾಸವೊಂದು ಎದುರಾಗುತ್ತದೆ. ಯಾವ ಔಷಧವನ್ನು ನಾಲಗೆಯಿಂದ ದೂರವಿಡಬೇಕಾಗಿತ್ತೋ ಅದನ್ನು ನಾಲಗೆಯ ಮೇಲೆಯೇ ಬೇಕೆಂದೇ ಒಡೆದು ಹರಡುವುದು ಈ ಮಾತ್ರೆಯ ಕೆಲಸ. ಮಾತ್ರೆಗೆ ಹೊದಿಸುವ ಪದರ ಇಲ್ಲಿ ನಿರುಪಯುಕ್ತ, ಏಕೆಂದರೆ ಆ ಮಾತ್ರೆ ಉಳಿಯುವುದೇ ಇಲ್ಲ. ಆದ್ದರಿಂದ ಕಹಿಯ ವಿರುದ್ಧದ ರಕ್ಷಣೆಯು ಮಾತ್ರೆಯ ಒಳಗಿರುವ ಒಂದೊಂದು ಕಣದ ಮಟ್ಟದಲ್ಲಿ, ಕೆಲವೊಮ್ಮೆ ಒಂದೊಂದು ಅಣುವಿನ ಮಟ್ಟದಲ್ಲಿ ನಡೆಯಬೇಕು. ಆ ರಕ್ಷಣೆ ಬಾಯಲ್ಲಿ ಒಂದು ನಿಮಿಷ ನಿಲ್ಲಬೇಕು, ಜಠರವನ್ನು ಮುಟ್ಟಿದೊಡನೆ ಬಿಟ್ಟುಕೊಡಬೇಕು. ಈ ಎರಡನೆಯ ಷರತ್ತನ್ನು ಮರೆತ ಯಾವ ವಿಧಾನವೂ ಔಷಧವಿಜ್ಞಾನದ ದೃಷ್ಟಿಯಿಂದ ಯಶಸ್ಸಲ್ಲವೆಂಬುದೇ ಪ್ರಸ್ತುತ ಲೇಖನದ ವಾದ.

ಮಾತ್ರೆಯ ಸ್ವರೂಪ

ಈ ಬಗೆಯ ಮಾತ್ರೆಗಳಲ್ಲಿ ಮೊದಲು ಪ್ರಸಿದ್ಧಿಗೆ ಬಂದದ್ದು ಜೈಡಿಸ್ ಎಂಬ ಹೆಸರಿನ ತಂತ್ರ. ಜೆಲಟಿನ್ ಮತ್ತು ಮ್ಯಾನಿಟಾಲ್ ಬೆರೆತ ನೀರಿನಲ್ಲಿ ಔಷಧವನ್ನು ಸೇರಿಸಿ, ಅದನ್ನು ಬ್ಲಿಸ್ಟರ್ ಹಾಳೆಯ ಗುಳಿಗಳಿಗೆ ನೇರವಾಗಿ ಎರೆದು, ಘನೀಕರಿಸಿ, ಬಳಿಕ ನಿರ್ವಾತದಲ್ಲಿ ಮಂಜುಗಡ್ಡೆಯನ್ನು ಆವಿಯಾಗಿಸಲಾಗುತ್ತದೆ. ನೀರು ಹೋದ ಜಾಗವೆಲ್ಲ ರಂಧ್ರವಾಗಿ ಉಳಿಯುವುದರಿಂದ ಆ ಹಗುರವಾದ ಬಿಲ್ಲೆ ಲಾಲಾರಸ ತಾಗಿದ ಕೆಲವೇ ಸೆಕೆಂಡುಗಳಲ್ಲಿ ಮಾಯವಾಗುತ್ತದೆ. ಅದು ಎಷ್ಟು ನಾಜೂಕೆಂದರೆ ಸಾಮಾನ್ಯ ಮಾತ್ರೆಯಂತೆ ಹಾಳೆಯ ಮೂಲಕ ಒತ್ತಿ ತೆಗೆದರೆ ಪುಡಿಯಾಗುತ್ತದೆ. ಹಿಂಬದಿಯ ಪೊರೆಯನ್ನು ಸುಲಿದೇ ತೆಗೆಯಬೇಕು, ಅದೂ ಒಣಗಿದ ಕೈಯಿಂದ. ಕರಾವಳಿಯ ಮಳೆಗಾಲದಲ್ಲಿ ಇಂಥ ಮಾತ್ರೆಯನ್ನು ಪೊರೆ ಬಿಚ್ಚಿ ಇಟ್ಟರೆ ಅದು ಎಷ್ಟು ಹೊತ್ತು ಮಾತ್ರೆಯಾಗಿ ಉಳಿದೀತೆಂಬುದನ್ನು ಊಹಿಸುವುದು ಕಷ್ಟವಲ್ಲ.

ಇನ್ನೊಂದು ದಾರಿ ಸಾಮಾನ್ಯ ಒತ್ತುಯಂತ್ರದಲ್ಲಿಯೇ ತಯಾರಿಸುವಂಥದು. ಕ್ರಾಸ್‌ಪೊವಿಡೋನ್, ಕ್ರಾಸ್‌ಕಾರ್ಮೆಲೋಸ್ ಸೋಡಿಯಂ, ಸೋಡಿಯಂ ಸ್ಟಾರ್ಚ್ ಗ್ಲೈಕೊಲೇಟ್ ಮುಂತಾದ ಅತಿವಿಘಟಕಗಳು ನೀರನ್ನು ಹೀರಿ ಉಬ್ಬಿ ಅಥವಾ ನೀರನ್ನು ಬತ್ತಿಯಂತೆ ಒಳಗೆಳೆದು ಮಾತ್ರೆಯನ್ನು ಬಿರಿಯಿಸುತ್ತವೆ. ನಮ್ಮ ದೇಶದ ತಯಾರಕರು ಹೆಚ್ಚಾಗಿ ಹಿಡಿದಿರುವುದು ಈ ದಾರಿಯನ್ನೇ, ಕಾರಣ ಹೊಸ ಯಂತ್ರೋಪಕರಣದ ಅಗತ್ಯವಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2008ರ ಡಿಸೆಂಬರಿನಲ್ಲಿ ಹೊರಡಿಸಿದ ಮಾರ್ಗದರ್ಶಿಯ ಪ್ರಕಾರ ಇಂಥ ಮಾತ್ರೆ ಸುಮಾರು 30 ಸೆಕೆಂಡುಗಳೊಳಗೆ ಒಡೆಯಬೇಕು, ತೂಕ 500 ಮಿಲಿಗ್ರಾಂ ಮೀರದಿರುವುದು ಲೇಸು. ಯುರೋಪಿನ ಔಷಧಕೋಶವು 3 ನಿಮಿಷಗಳವರೆಗೆ ಅವಕಾಶ ಕೊಡುತ್ತದೆ. ಈ ತೂಕದ ಮಿತಿಯನ್ನು ಓದುಗರು ನೆನಪಿನಲ್ಲಿಡಬೇಕು, ಮುಂದಿನ ಹಲವು ತೊಡಕುಗಳ ಮೂಲ ಅಲ್ಲಿದೆ.

ನಾಲಗೆಯಲ್ಲಿ ನಡೆಯುವುದು

ನಾಲಗೆಯ ತುದಿಗೆ ಸಿಹಿ, ಬುಡಕ್ಕೆ ಕಹಿ ಎಂದು ಶಾಲಾಪುಸ್ತಕಗಳಲ್ಲಿ ದೀರ್ಘಕಾಲ ಅಚ್ಚಾಗುತ್ತಿದ್ದ ನಕ್ಷೆ ತಪ್ಪು. ಜರ್ಮನಿಯ ಹೆನಿಗ್ 1901ರಲ್ಲಿ ದಾಖಲಿಸಿದ ಸಣ್ಣ ವ್ಯತ್ಯಾಸಗಳು ನಂತರದ ಬರಹಗಳಲ್ಲಿ ಉತ್ಪ್ರೇಕ್ಷೆಗೊಂಡು ಹುಟ್ಟಿದ ನಕ್ಷೆಯದು. ರುಚಿಮೊಗ್ಗುಗಳಿರುವ ಎಲ್ಲ ಕಡೆಯೂ ಎಲ್ಲ ರುಚಿಗಳೂ ಗೋಚರವಾಗುತ್ತವೆ. ಕಹಿಯ ಗ್ರಾಹಕಗಳ ಕುಟುಂಬವನ್ನು ಗುರುತಿಸಿದ್ದು 2000ದಲ್ಲಿ. ಮನುಷ್ಯರಲ್ಲಿ ಕೆಲಸಮಾಡುವ ಇಂಥ ಗ್ರಾಹಕಗಳು ಸುಮಾರು 25. ಸಿಹಿಗೆ ಮುಖ್ಯವಾಗಿ ಒಂದೇ ಗ್ರಾಹಕಜೋಡಿ ಸಾಕಾಗಿದ್ದರೆ ಕಹಿಗೆ ಇಷ್ಟೊಂದು ಬೇಕಾದದ್ದೇಕೆಂಬ ಪ್ರಶ್ನೆಗೆ ಸಾಮಾನ್ಯವಾಗಿ ಕೊಡುವ ಉತ್ತರ, ಸಸ್ಯಗಳ ವಿಷಗಳು ರಚನೆಯಲ್ಲಿ ಬಹುವಿಧ ಎಂಬುದು. ಗ್ರಾಹಕಕ್ಕೆ ಕಹಿಯ ಅಣು ಅಂಟಿದಾಗ ಗಸ್ಟ್‌ಡ್ಯೂಸಿನ್ ಎಂಬ ಪ್ರೋಟೀನು ಚುರುಕಾಗಿ, ಜೀವಕೋಶದೊಳಗೆ ಕ್ಯಾಲ್ಸಿಯಂ ಬಿಡುಗಡೆಯಾಗಿ, ನರಕ್ಕೆ ಸಂದೇಶ ಹೋಗುತ್ತದೆ. ಈ ಸರಣಿ ಆರಂಭವಾಗಲು ಔಷಧದ ಅಣುವು ಲಾಲಾರಸದಲ್ಲಿ ಕರಗಿರಲೇಬೇಕು. ಕರಗದ ಕಣಕ್ಕೆ ರುಚಿಯಿಲ್ಲ. ಮರೆಮಾಡುವ ವಿಧಾನಗಳಲ್ಲಿ ಬಹುಪಾಲು ನಿಂತಿರುವುದು ಈ ಒಂದು ಸಂಗತಿಯ ಮೇಲೆ.

ಎಷ್ಟು ಕರಗಿದರೆ ಕಹಿ? ಕ್ವಿನೀನನ್ನೇ ತೆಗೆದುಕೊಳ್ಳೋಣ. ಅದರ ಇರವು ನಾಲಗೆಗೆ ತಿಳಿಯುವ ಹೊಸ್ತಿಲು ಲೀಟರಿಗೆ ಸುಮಾರು 8 ಮೈಕ್ರೋಮೋಲ್. ಅಣುತೂಕ 324 ಆಗಿರುವುದರಿಂದ ಇದು ಮಿಲಿಲೀಟರಿಗೆ 0.0026 ಮಿಲಿಗ್ರಾಂ ಆಗುತ್ತದೆ. ಬಾಯಲ್ಲಿ ಯಾವುದೇ ಕ್ಷಣದಲ್ಲಿ ಇರುವ ಲಾಲಾರಸ ಸುಮಾರು 1 ಮಿಲಿಲೀಟರ್. ಕ್ವಿನೀನಿನಷ್ಟೇ ಕಹಿಯಾದ ಔಷಧವೊಂದರ 10 ಮಿಲಿಗ್ರಾಂ ಮಾತ್ರೆಯಿಂದ ಹತ್ತು ಸಾವಿರದಲ್ಲಿ ಮೂರು ಭಾಗಕ್ಕೂ ಕಡಿಮೆ ಸೋರಿದರೆ ಸಾಕು, ನಾಲಗೆಗೆ ಅದರ ಸುಳಿವು ಸಿಗುತ್ತದೆ. ಕಹಿಯನ್ನು ಸಂಪೂರ್ಣವಾಗಿ ಅಳಿಸಿದ್ದೇವೆ ಎಂಬ ಹೇಳಿಕೆಗಳನ್ನು ಈ ಲೆಕ್ಕದ ಬೆಳಕಿನಲ್ಲಿ ಓದಬೇಕು. ಸುಳಿವು ಸಿಗುವ ಹೊಸ್ತಿಲಿಗೂ ಉಗುಳಬೇಕೆನಿಸುವ ಹೊಸ್ತಿಲಿಗೂ ನಡುವೆ ಸಾಕಷ್ಟು ಅಂತರವಿದೆ. ವಾಸ್ತವದಲ್ಲಿ ತಯಾರಕರು ಕಾಪಾಡಿಕೊಳ್ಳಲು ಯತ್ನಿಸುವುದು ಈ ಎರಡನೆಯದನ್ನು.

ಎಲ್ಲ ಅಹಿತವೂ ಕಹಿಯಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಐಬುಪ್ರೊಫೇನ್ ಗಂಟಲಿನಲ್ಲಿ ಉರಿಯನ್ನುಂಟುಮಾಡುತ್ತದೆ. ಅದು ರುಚಿಮೊಗ್ಗಿನ ಸಂವೇದನೆಯಾಗಿರದೆ ನೋವು ಮತ್ತು ಕೆರಳಿಕೆಯನ್ನು ಗುರುತಿಸುವ ಬೇರೆಯ ನರಗಳ ಸಂವೇದನೆಯಾಗಿದೆ. ಅದಕ್ಕೆ ಎಷ್ಟು ಸಿಹಿ ಬೆರೆಸಿದರೂ ಪ್ರಯೋಜನ ಅಷ್ಟಕ್ಕಷ್ಟೇ.

ಸಿಹಿ, ತಂಪು, ಉಪ್ಪು

ಅತ್ಯಂತ ಸುಲಭವಾದ ಉಪಾಯ ಸಿಹಿ ಮತ್ತು ಸುವಾಸನೆ. ಮ್ಯಾನಿಟಾಲ್ ಈ ಮಾತ್ರೆಗಳಲ್ಲಿ ಅಷ್ಟೊಂದು ಬಳಕೆಯಾಗಲು ಕಾರಣ ಅದರ ಸಿಹಿಗಿಂತ ಹೆಚ್ಚಾಗಿ ಅದರ ತಂಪು. ಕರಗುವಾಗ ಅದು ಸುತ್ತಲಿನ ಶಾಖವನ್ನು ಹೀರುವುದರಿಂದ ಬಾಯಿ ತಣ್ಣಗಾದಂತೆ ಅನಿಸುತ್ತದೆ. ಆಸ್ಪರ್ಟೇಮ್ ಸಕ್ಕರೆಗಿಂತ ಸುಮಾರು 200 ಪಟ್ಟು, ಸುಕ್ರಲೋಸ್ ಸುಮಾರು 600 ಪಟ್ಟು ಸಿಹಿ. ಆಸ್ಪರ್ಟೇಮ್ ಇರುವ ಮಾತ್ರೆಯ ಮೇಲೆ ಫೀನೈಲ್‌ಕೀಟೋನೂರಿಯಾ ಎಂಬ ಜನ್ಮಜಾತ ದೋಷವುಳ್ಳವರಿಗಾಗಿ ಎಚ್ಚರಿಕೆ ಇರಬೇಕು. ಸ್ಯಾಕರಿನ್ನಿನ ಕಥೆ ಸ್ವಾರಸ್ಯಕರ. ಅದರ ಸಿಹಿಯ ಬಾಲದಲ್ಲಿ ಕಹಿಯೊಂದು ಉಳಿಯುವುದು ಎಲ್ಲರ ಅನುಭವ. ಅದು ಎರಡು ಕಹಿಗ್ರಾಹಕಗಳನ್ನೂ ಪ್ರಚೋದಿಸುತ್ತದೆಂಬುದು ಈಗ ಸ್ಪಷ್ಟವಾಗಿದೆ. ಕಹಿಯನ್ನು ಮರೆಸಲು ತಂದದ್ದೇ ಕಹಿಯಾಗುವ ಪರಿಯಿದು.

ಉಪ್ಪು ಇನ್ನೊಂದು ಬಗೆಯಲ್ಲಿ ಕೆಲಸಮಾಡುತ್ತದೆ. ಸೋಡಿಯಂ ಅಯಾನು ಹಲವು ಕಹಿಪದಾರ್ಥಗಳ ಕಹಿಯನ್ನು ತಗ್ಗಿಸುತ್ತದೆಂದು ಬ್ರೆಸ್ಲಿನ್ ಮತ್ತು ಬೋಚಾಂಪ್ 1997ರಲ್ಲಿ ಪ್ರಕಟಿಸಿದ ಸಂಶೋಧನೆ ತೋರಿಸಿತು. ಹಾಗಲಕಾಯಿಯನ್ನು ಹೆಚ್ಚಿ ಉಪ್ಪು ಸವರಿ ಹಿಂಡುವ ನಮ್ಮ ಅಡುಗೆಮನೆಗಳಿಗೆ ಇದು ಪೂರ್ತಿ ಹೊಸ ಸುದ್ದಿಯಲ್ಲ, ಅಲ್ಲಿ ರಸ ಇಳಿದುಹೋಗುವುದೂ ಒಂದು ಕಾರಣವಾದರೂ. ಗ್ರಾಹಕವನ್ನೇ ಮುಚ್ಚಿಬಿಡುವ ಕಹಿರೋಧಕ ಅಣುಗಳ ಶೋಧವೂ ನಡೆದಿದೆ, 2010ರಲ್ಲಿ ಅಂಥದೊಂದು ಅಣುವಿನ ವಿವರ ಪ್ರಕಟವಾಯಿತು. ಆದರೆ ಇಪ್ಪತ್ತೈದು ಬೀಗಗಳಿರುವ ಮನೆಗೆ ಒಂದು ಬೀಗವನ್ನು ಜಡಿದು ಪ್ರಯೋಜನವೇನು? ಒಂದೇ ಔಷಧ ಹಲವು ಗ್ರಾಹಕಗಳನ್ನು ತಟ್ಟುವುದುಂಟು. ಹೆಚ್ಚು ಕರಗುವ, ಹೆಚ್ಚು ಕಹಿಯ ಔಷಧಗಳಿಗೆ ಈ ಯಾವ ಉಪಾಯವೂ ಒಂಟಿಯಾಗಿ ಸಾಲದು.

ರಾಳಕ್ಕೆ ಕಟ್ಟಿಹಾಕುವುದು

ಕಹಿ ಔಷಧಗಳ ಪಟ್ಟಿಯನ್ನು ನೋಡಿದರೆ ಒಂದು ಸಮಾನ ಲಕ್ಷಣ ಗೋಚರಿಸುತ್ತದೆ. ಕ್ವಿನೀನ್, ಕ್ಲೋರೋಕ್ವಿನ್, ಆಂಡಾನ್ಸೆಟ್ರಾನ್, ಸಿಪ್ರೊಫ್ಲಾಕ್ಸಸಿನ್ ಮುಂತಾದ ಅನೇಕವು ಅಮೀನ್ ಗುಂಪನ್ನುಳ್ಳವು, ಲಾಲಾರಸದಲ್ಲಿ ಧನಾವೇಶವನ್ನು ಪಡೆಯಬಲ್ಲವು. ಋಣಾವೇಶದ ಕಾರ್ಬಾಕ್ಸಿಲ್ ಗುಂಪುಗಳನ್ನುಳ್ಳ, ನೀರಿನಲ್ಲಿ ಕರಗದ ರಾಳದ ಕಣಗಳನ್ನು ಅಂಥ ಔಷಧದ ದ್ರಾವಣದಲ್ಲಿ ಕಲಕಿದರೆ ಔಷಧದ ಅಯಾನುಗಳು ರಾಳಕ್ಕೆ ಅಂಟಿಕೊಳ್ಳುತ್ತವೆ. ಸೋಸಿ ಒಣಗಿಸಿದ ಆ ಪುಡಿಯನ್ನು ನಾಲಗೆಯ ಮೇಲಿಟ್ಟಾಗ, ಲಾಲಾರಸದ ಪಿಎಚ್ ತಟಸ್ಥಕ್ಕೆ ಹತ್ತಿರವಾಗಿರುವುದರಿಂದ ಮತ್ತು ಅದರಲ್ಲಿರುವ ಸೋಡಿಯಂ, ಪೊಟ್ಯಾಸಿಯಂ ಅಯಾನುಗಳ ಪ್ರಮಾಣ ಅಲ್ಪವಾಗಿರುವುದರಿಂದ, ಔಷಧ ಬಹುಪಾಲು ರಾಳದಲ್ಲಿಯೇ ಉಳಿಯುತ್ತದೆ. ಜಠರದಲ್ಲಿ ಸ್ಥಿತಿ ಬೇರೆ. ಅಲ್ಲಿ ಹೈಡ್ರೊಕ್ಲೋರಿಕ್ ಆಮ್ಲವಿದೆ. ದುರ್ಬಲ ಆಮ್ಲಸ್ವಭಾವದ ಕಾರ್ಬಾಕ್ಸಿಲ್ ಗುಂಪು ಹೈಡ್ರೊಜನ್ ಅಯಾನನ್ನು ಬಹಳ ಒಲವಿನಿಂದ ಹಿಡಿಯುತ್ತದೆ, ಹಿಡಿದೊಡನೆ ಅದರ ಆವೇಶ ಅಳಿದು ಔಷಧದ ಅಯಾನು ಬಿಡುಗಡೆ ಹೊಂದುತ್ತದೆ. ಬಾಯಿಗೂ ಜಠರಕ್ಕೂ ಇರುವ ರಾಸಾಯನಿಕ ವ್ಯತ್ಯಾಸವನ್ನೇ ಬೀಗದ ಕೈಯಾಗಿ ಬಳಸುವ ಈ ವಿಧಾನ, ಲೇಖಕನ ಅಭಿಪ್ರಾಯದಲ್ಲಿ, ಇದುವರೆಗಿನ ಉಪಾಯಗಳಲ್ಲಿ ಅತ್ಯಂತ ತರ್ಕಬದ್ಧವಾದುದು.

ಈ ಉದ್ದೇಶಕ್ಕೆ ಬಳಸುವ ರಾಳಗಳು ಅಕ್ರಿಲಿಕ್ ಅಥವಾ ಮೆಥಾಕ್ರಿಲಿಕ್ ಆಮ್ಲದ ಅಡ್ಡಕೊಂಡಿಗಳುಳ್ಳ ಪಾಲಿಮರ್‌ಗಳು. ಆಂಬರ್‌ಲೈಟ್ ಶ್ರೇಣಿಯವು ಹೊರದೇಶದವು. ಇಂಡಿಯಾನ್ 204, 234, 414 ಎಂಬ ಹೆಸರಿನವು ಭಾರತದಲ್ಲಿಯೇ ತಯಾರಾದವು, ಆದ್ದರಿಂದ ನಮ್ಮ ಸಂಶೋಧಕರ ಕೈಗೆ ಸುಲಭವಾಗಿ ಎಟುಕಿದವು. ಇವುಗಳಲ್ಲಿ ಪೊಲಾಕ್ರಿಲಿನ್ ಪೊಟ್ಯಾಸಿಯಂ ವರ್ಗದ ರಾಳವು ನೀರು ತಾಗಿದೊಡನೆ ಉಬ್ಬುವ ಗುಣವುಳ್ಳದ್ದಾದ್ದರಿಂದ ವಿಘಟಕವಾಗಿಯೂ ಕೆಲಸಕ್ಕೆ ಬರುತ್ತದೆ. ಒಂದೇ ವಸ್ತು ಕಹಿಯನ್ನು ಕಟ್ಟುತ್ತದೆ, ಮಾತ್ರೆಯನ್ನು ಬಿಚ್ಚುತ್ತದೆ. ಧೂಮಪಾನವನ್ನು ಬಿಡಿಸಲು ಕೊಡುವ ನಿಕೋಟಿನ್ ಚೂಯಿಂಗ್ ಗಮ್ಮಿನಲ್ಲಿಯೂ ನಿಕೋಟಿನ್ ಕುಳಿತಿರುವುದು ಇದೇ ಕುಟುಂಬದ ರಾಳದಲ್ಲಿ. ಅಲ್ಲಿ ಉದ್ದೇಶ ವಿರುದ್ಧವಾದುದು, ಅಗಿಯುತ್ತ ಹೋದಂತೆ ಬಾಯಲ್ಲಿಯೇ ನಿಧಾನವಾಗಿ ಬಿಡುಗಡೆಯಾಗಬೇಕು.

ತೊಡಕುಗಳೂ ಇವೆ. ಆವೇಶವಿಲ್ಲದ ಔಷಧಕ್ಕೆ ರಾಳ ನಿರುಪಯೋಗಿ. ಲಾಲಾರಸದ ಲವಣಗಳು ನಿಧಾನವಾಗಿಯಾದರೂ ವಿನಿಮಯವನ್ನು ನಡೆಸುವುದರಿಂದ ಹಲ್ಲಿನ ಸಂದಿಯಲ್ಲಿ, ಕಟ್ಟಿಸಿದ ದಂತಪಂಕ್ತಿಯ ಅಡಿಯಲ್ಲಿ ಸಿಕ್ಕಿಕೊಂಡ ಕಣಗಳು ಐದು ನಿಮಿಷದ ಬಳಿಕ ಕಹಿಯಾಗಬಹುದು. ಮೊದಲ ಅರ್ಧ ನಿಮಿಷವನ್ನು ಮಾತ್ರ ಅಳೆದವರಿಗೆ ಇದು ಕಾಣಿಸುವುದಿಲ್ಲ.

ಕಣಕ್ಕೆ ಹೊದಿಕೆ

ಎರಡನೆಯ ಪ್ರಬಲ ವಿಧಾನ ಪ್ರತಿಯೊಂದು ಕಣಕ್ಕೂ ಪಾಲಿಮರಿನ ಹೊದಿಕೆ. ಇಲ್ಲಿ ಹೆಚ್ಚು ಹೆಸರಾದದ್ದು ಯೂಡ್ರಾಜಿಟ್ ಇ ಎಂಬ ಮೆಥಾಕ್ರಿಲೇಟ್ ಸಹಪಾಲಿಮರ್. ಪಿಎಚ್ 5ಕ್ಕಿಂತ ಕೆಳಗೆ ಅದು ಕರಗುತ್ತದೆ, ಮೇಲೆ ಕರಗುವುದಿಲ್ಲ. ಆದ್ದರಿಂದ ಬಾಯಲ್ಲಿ ಗೋಡೆಯಾಗಿ ನಿಂತು ಜಠರದಲ್ಲಿ ಬಾಗಿಲಾಗುತ್ತದೆ. ನೀರಿನಲ್ಲಿ ಕರಗದ ಈಥೈಲ್ ಸೆಲ್ಯುಲೋಸಿನ ಜೊತೆ ಕರಗುವ ಪದಾರ್ಥವನ್ನು ಬೆರೆಸಿ ರಂಧ್ರಗಳು ತಡವಾಗಿ ತೆರೆಯುವಂತೆ ಮಾಡುವ ಕ್ರಮವೂ ಇದೆ, ಮೇಣ ಹಾಗೂ ಸ್ಟಿಯರಿಕ್ ಆಮ್ಲದ ಹೊದಿಕೆಯೂ ಇದೆ.

ಹೊದಿಕೆಯ ಕಷ್ಟ ಅದರ ರೇಖಾಗಣಿತದಲ್ಲಿದೆ. ವ್ಯಾಸ 100 ಮೈಕ್ರಾನ್ ಇರುವ ಗುಂಡಗಿನ ಕಣಕ್ಕೆ 10 ಮೈಕ್ರಾನ್ ದಪ್ಪದ ಹೊದಿಕೆ ಕೊಟ್ಟರೆ ವ್ಯಾಸ 120 ಆಗುತ್ತದೆ, ಗಾತ್ರ ಶೇಕಡ 73ರಷ್ಟು ಬೆಳೆಯುತ್ತದೆ. ಅದೇ ಹೊದಿಕೆಯನ್ನು 300 ಮೈಕ್ರಾನಿನ ಕಣಕ್ಕೆ ಕೊಟ್ಟರೆ ಗಾತ್ರದ ಏರಿಕೆ ಶೇಕಡ 21 ಮಾತ್ರ. ಹಾಗಾದರೆ ದೊಡ್ಡ ಕಣಗಳೇ ಮೇಲಲ್ಲವೆ? ಲೆಕ್ಕದ ಮಟ್ಟಿಗೆ ಹೌದು, ಆದರೆ ನಾಲಗೆಗೆ ಅಲ್ಲ. ಕಣ ದೊಡ್ಡದಾದಂತೆ ಬಾಯಲ್ಲಿ ಮರಳು ಸಿಕ್ಕಂತಾಗುತ್ತದೆ, ಮಗು ಅದನ್ನು ಅಗಿಯುತ್ತದೆ, ಅಗಿದಾಗ ಹೊದಿಕೆ ಒಡೆಯುತ್ತದೆ. ಕಣ ಸಣ್ಣದಾದರೆ ಮಾತ್ರೆಯ ತೂಕ ಮಿತಿಯನ್ನು ಮೀರುತ್ತದೆ. ಇನ್ನು ಒತ್ತುಯಂತ್ರದ ಬಲಕ್ಕೆ ಹೊದಿಕೆ ಬಿರುಕುಬಿಡುವ ಅಪಾಯವೂ ಇದೆ. ಬಲವನ್ನು ತಗ್ಗಿಸಿದರೆ ಮಾತ್ರೆ ಸಾಗಣೆಯಲ್ಲಿ ಉದುರುತ್ತದೆ. ಅಮೆರಿಕದ ಓರಾಸಾಲ್ವ್ ತಂತ್ರದಲ್ಲಿ ಕಡಿಮೆ ಒತ್ತಡವನ್ನೇ ಆರಿಸಿಕೊಂಡು, ಅದಕ್ಕಾಗಿ ವಿಶೇಷ ಬ್ಲಿಸ್ಟರನ್ನು ರೂಪಿಸಬೇಕಾಯಿತು.

ಬಳಕೆಯ ಕಡೆಯಿಂದಲೂ ಒಂದು ಮಾತು. ಪಿಎಚ್ ಅವಲಂಬಿ ಹೊದಿಕೆಯ ಔಷಧವನ್ನು ಮಗುವಿಗೆ ಕಿತ್ತಳೆ ರಸದಲ್ಲಿ ಕದಡಿ ಕೊಟ್ಟರೆ ಹೊದಿಕೆ ಲೋಟದಲ್ಲಿಯೇ ಕರಗತೊಡಗುತ್ತದೆ, ಏಕೆಂದರೆ ಆ ರಸದ ಪಿಎಚ್ 5ಕ್ಕಿಂತ ಬಹಳ ಕೆಳಗಿದೆ. ಪ್ರತಿಕೂಲ ಪ್ರಸಂಗವೂ ಉಂಟು. ಆಮ್ಲವನ್ನು ತಗ್ಗಿಸುವ ಓಮೆಪ್ರಜೋಲ್‌ನಂಥ ಮಾತ್ರೆಗಳನ್ನು ನಿತ್ಯ ಸೇವಿಸುವ ವೃದ್ಧರಲ್ಲಿ ಜಠರದ ಪಿಎಚ್ ಮೇಲೇರಿರುತ್ತದೆ. ಅಂಥವರಲ್ಲಿ ಬಿಡುಗಡೆ ತಡವಾಗಬಹುದೆಂಬುದನ್ನು ಸೂತ್ರೀಕರಣ ಮಾಡುವವನು ಪರೀಕ್ಷಿಸಿ ನೋಡಬೇಕಾದದ್ದು ನ್ಯಾಯ.

ಸೈಕ್ಲೊಡೆಕ್ಸ್‌ಟ್ರಿನ್ ಎಂಬ ಬಳೆಯಾಕಾರದ ಸಕ್ಕರೆಅಣುವಿನ ಪೊಳ್ಳಿನಲ್ಲಿ ಔಷಧದ ಅಣುವನ್ನು ಕೂರಿಸುವ ವಿಧಾನದ ಬಗ್ಗೆ ಲೇಖನಗಳು ಹೇರಳ. ಅದರ ಮಿತಿಯನ್ನು ಸಾಮಾನ್ಯ ಗುಣಾಕಾರವೇ ಹೇಳುತ್ತದೆ. ಬೀಟಾ ರೂಪದ ಅಣುತೂಕ 1135. ಒಂದಕ್ಕೊಂದು ಕೂಡಿದರೆ 10 ಮಿಲಿಗ್ರಾಂ ಸೆಟಿರಿಜಿನ್ ಹೈಡ್ರೊಕ್ಲೋರೈಡಿಗೆ ಸುಮಾರು 25 ಮಿಲಿಗ್ರಾಂ ಸಾಕು. ಆದರೆ 500 ಮಿಲಿಗ್ರಾಂ ಪ್ಯಾರಸಿಟಮಾಲಿಗೆ 3.75 ಗ್ರಾಂ ಬೇಕು! ಅದು ಮಾತ್ರೆಯಾಗದೆ ಒಂದು ಚಮಚ ಪುಡಿಯಾಗುತ್ತದೆ.

ಕೆಲವೊಮ್ಮೆ ಸರಳ ದಾರಿಯೇ ಮೇಲು. ವಾಂತಿಯನ್ನು ತಡೆಯುವ ಆಂಡಾನ್ಸೆಟ್ರಾನ್ ಸಾಮಾನ್ಯ ಮಾತ್ರೆಯಲ್ಲಿ ಹೈಡ್ರೊಕ್ಲೋರೈಡ್ ಲವಣವಾಗಿ ಇರುತ್ತದೆ. ಅಮೆರಿಕದಲ್ಲಿ 1999ರಲ್ಲಿ ಅನುಮತಿ ಪಡೆದ ಅದರ ಬಾಯಲ್ಲಿ ಕರಗುವ ರೂಪದಲ್ಲಿ ಲವಣದ ಬದಲು ನೀರಿನಲ್ಲಿ ಅಷ್ಟಾಗಿ ಕರಗದ ಪ್ರತ್ಯಾಮ್ಲ ರೂಪವನ್ನೇ ಬಳಸಲಾಯಿತು, ಜೊತೆಗೆ ಆಸ್ಪರ್ಟೇಮ್ ಮತ್ತು ಸ್ಟ್ರಾಬೆರಿಯ ಸುವಾಸನೆ. ಪ್ರಮಾಣ 4 ಅಥವಾ 8 ಮಿಲಿಗ್ರಾಂ ಮಾತ್ರವಾದ್ದರಿಂದ ಇಷ್ಟು ಸಾಧ್ಯವಾಯಿತು.

ಒಂದು ಎಚ್ಚರಿಕೆಯ ಇತಿಹಾಸ

ಕಹಿಯನ್ನು ಗೆದ್ದು ಔಷಧವನ್ನು ಸೋತ ಪ್ರಸಂಗವೊಂದು ಔಷಧವಿಜ್ಞಾನದ ಇತಿಹಾಸದಲ್ಲಿದೆ. ಅದು ಕರಗುವ ಮಾತ್ರೆಗಳಿಗಿಂತ ಹಿಂದಿನದಾದರೂ ಅದರ ಪ್ರಸ್ತುತತೆ ಕುಂದಿಲ್ಲ. ವಿಷಮಶೀತ ಜ್ವರಕ್ಕೆ ಮೊದಲ ಪರಿಣಾಮಕಾರಿ ಮದ್ದಾಗಿ ಒದಗಿದ ಕ್ಲೋರಾಂಫೆನಿಕಾಲ್ ಅತ್ಯಂತ ಕಹಿ. ಮಕ್ಕಳಿಗೆ ದ್ರವರೂಪದಲ್ಲಿ ಕೊಡಲು ಅದನ್ನು ಪಾಲ್ಮಿಟಿಕ್ ಆಮ್ಲದೊಡನೆ ಸಂಯೋಜಿಸಿ ಪಾಲ್ಮಿಟೇಟ್ ಎಸ್ಟರನ್ನು ತಯಾರಿಸಿದರು. ಅದು ನೀರಿನಲ್ಲಿ ಬಹುತೇಕ ಕರಗದು, ಆದ್ದರಿಂದ ರುಚಿಯಿಲ್ಲ. ಆ ಎಸ್ಟರಿಗೆ ತಾನಾಗಿ ರೋಗಾಣುವನ್ನು ತಡೆಯುವ ಶಕ್ತಿಯೂ ಇಲ್ಲ. ಸಣ್ಣಕರುಳಿನ ಲೈಪೇಸ್ ಕಿಣ್ವ ಅದನ್ನು ಸೀಳಿದ ಮೇಲೆಯೇ ಔಷಧ ಹೊರಬರಬೇಕು.

ಸಮಸ್ಯೆ ಹರಳಿನಲ್ಲಿತ್ತು. ಈ ಎಸ್ಟರ್ ಒಂದಕ್ಕಿಂತ ಹೆಚ್ಚು ಬಗೆಯ ಹರಳುಗಳಾಗಿ ಸಿಗುತ್ತದೆ. ಎ ಎಂಬ ರೂಪ ಸ್ಥಿರ, ಆದರೆ ಕರಗುವುದರಲ್ಲಿ ಹಿಂದು, ಕಿಣ್ವಕ್ಕೂ ಬೇಗನೆ ಮಣಿಯದು. ಬಿ ಎಂಬ ರೂಪ ಅಷ್ಟು ಸ್ಥಿರವಲ್ಲ, ಆದರೆ ಕಿಣ್ವಕ್ಕೆ ಸುಲಭವಾಗಿ ಒಳಗಾಗುತ್ತದೆ. ಅಗಿಯಾರ್ ಮತ್ತು ಸಂಗಡಿಗರು 1967ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎ ಮತ್ತು ಬಿ ರೂಪಗಳನ್ನು ಬೇರೆ ಬೇರೆ ಅನುಪಾತಗಳಲ್ಲಿ ಬೆರೆಸಿ ಕೊಟ್ಟಾಗ, ಎ ರೂಪದ ಪಾಲು ಹೆಚ್ಚಿದಂತೆಲ್ಲ ರಕ್ತದಲ್ಲಿನ ಔಷಧದ ಮಟ್ಟ ಕುಸಿಯಿತು. ಸೀಸೆಯ ಮೇಲಿನ ಚೀಟಿ ಒಂದೇ, ರಾಸಾಯನಿಕ ಸೂತ್ರ ಒಂದೇ, ರುಚಿಯಿಲ್ಲದಿರುವಿಕೆಯೂ ಒಂದೇ. ಜ್ವರದ ಮಗುವಿಗೆ ದೊರೆತ ಔಷಧ ಮಾತ್ರ ಬೇರೆ. ತರುವಾಯ ಔಷಧಕೋಶಗಳು ಎ ರೂಪವು ಶೇಕಡ 10ನ್ನು ಮೀರಬಾರದೆಂಬ ಮಿತಿಯನ್ನು ವಿಧಿಸಿದವು.

ಹತ್ತಿರದ ಕಾಲದ ಇನ್ನೊಂದು ಉದಾಹರಣೆ ಸೆಫ್ಯೂರಾಕ್ಸಿಮ್ ಆಕ್ಸೆಟಿಲ್. ಮಕ್ಕಳಿಗಾಗಿ ಸ್ಟಿಯರಿಕ್ ಆಮ್ಲದ ಹೊದಿಕೆಯುಳ್ಳ ಕಣಗಳಿಂದ ತಯಾರಿಸಿದ ಅದರ ದ್ರವರೂಪವು ಮಾತ್ರೆಗೆ ಜೈವಿಕವಾಗಿ ಸಮಾನವಲ್ಲ, ಒಂದರ ಬದಲು ಇನ್ನೊಂದನ್ನು ಅದೇ ಮಿಲಿಗ್ರಾಂ ಪ್ರಮಾಣದಲ್ಲಿ ಕೊಡಬಾರದು ಎಂದು ಅದರ ಮಾಹಿತಿಪತ್ರದಲ್ಲಿಯೇ ನಮೂದಾಗಿದೆ.

ಅಳೆಯುವ ಬಗೆ

ನಮ್ಮ ರಾಜ್ಯದ ಔಷಧವಿಜ್ಞಾನ ಕಾಲೇಜುಗಳಲ್ಲಿ, 1996ರಲ್ಲಿ ಸ್ಥಾಪನೆಗೊಂಡ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ವಿಶೇಷವಾಗಿ, ಶೀಘ್ರ ಕರಗುವ ಮಾತ್ರೆಗಳನ್ನು ಕುರಿತ ಸ್ನಾತಕೋತ್ತರ ಪ್ರಬಂಧಗಳು ಗಣನೀಯ ಸಂಖ್ಯೆಯಲ್ಲಿ ಬಂದಿವೆ. ಒತ್ತುಯಂತ್ರ, ಅತಿವಿಘಟಕ, ದೇಶೀಯ ರಾಳ, ಇಷ್ಟಿದ್ದರೆ ಕೆಲಸ ಆರಂಭಿಸಬಹುದಾದ್ದರಿಂದ ಈ ಆಯ್ಕೆ ಸಹಜವೇ. ಈ ಬಗೆಯ ಕೃತಿಗಳಲ್ಲಿ ಸಾಮಾನ್ಯವಾಗಿ ಮಾತ್ರೆಯ ಗಡಸುತನ, ಉದುರುವಿಕೆ, ಒಡೆಯುವ ಕಾಲ ಇವುಗಳ ಕೋಷ್ಟಕಗಳು ಅಚ್ಚುಕಟ್ಟಾಗಿರುತ್ತವೆ. ಕಹಿಗೆ ಮೀಸಲಾಗುವುದು ಕೆಲವೇ ಮಂದಿ ಸ್ವಯಂಸೇವಕರು ಸೊನ್ನೆಯಿಂದ ನಾಲ್ಕರವರೆಗೆ ಕೊಟ್ಟ ಅಂಕಗಳ ಒಂದು ಪುಟ. ಈ ಅಸಮತೋಲನ ಚಿಂತನಾರ್ಹ.

ಸ್ವಯಂಸೇವಕರ ನಾಲಗೆಗಳು ಸಮಾನವಲ್ಲ. ಫೀನೈಲ್‌ಥಯೊಕಾರ್ಬಮೈಡ್ ಎಂಬ ಪದಾರ್ಥ ಕೆಲವರಿಗೆ ಕಡುಕಹಿ, ಕೆಲವರಿಗೆ ರುಚಿಯೇ ಇಲ್ಲ ಎಂಬುದನ್ನು ಅಮೆರಿಕದ ರಸಾಯನವಿಜ್ಞಾನಿ ಫಾಕ್ಸ್ 1931ರಲ್ಲಿಯೇ ಬೆಳಕಿಗೆ ತಂದರು, ಅದಕ್ಕೆ ಕಾರಣವಾದ ಜೀನು 2003ರಲ್ಲಿ ಗುರುತಾಯಿತು. ಅದೇ ಜೀನಿನ ಅದೇ ರೂಪವನ್ನು ಹೊತ್ತ ಮಕ್ಕಳೂ ದೊಡ್ಡವರೂ ಕಹಿಯನ್ನು ಒಂದೇ ತೀವ್ರತೆಯಲ್ಲಿ ಅನುಭವಿಸುವುದಿಲ್ಲ, ಮಕ್ಕಳ ಸಂವೇದನೆ ಹೆಚ್ಚಿನದೆಂದು ಮೆನ್ನೆಲಾ ಮತ್ತು ಸಂಗಡಿಗರು 2005ರಲ್ಲಿ ವರದಿ ಮಾಡಿದರು. ಹೀಗಿರುವಾಗ ಇಪ್ಪತ್ತೆರಡು ವರ್ಷದ ಆರು ಮಂದಿ ವಿದ್ಯಾರ್ಥಿಗಳು ಸಹ್ಯವೆಂದದ್ದನ್ನು ಎರಡು ವರ್ಷದ ಮಗುವಿಗೆ ಅನ್ವಯಿಸುವುದು ಹೇಗೆ? ಆರೋಗ್ಯವಂತ ಮಗುವಿನ ನಾಲಗೆಯ ಮೇಲೆ ಔಷಧವನ್ನಿಟ್ಟು ಪರೀಕ್ಷಿಸುವುದಂತೂ ನೀತಿಗೆ ಸಮ್ಮತವಲ್ಲ.

ಜಪಾನಿನ ಕ್ಯೂಶು ವಿಶ್ವವಿದ್ಯಾಲಯದ ಕಿಯೋಶಿ ಟೋಕೊ ಅವರ ಸಂಶೋಧನೆಯಿಂದ ರೂಪುಗೊಂಡ ರುಚಿಸಂವೇದಕ ಯಂತ್ರದಲ್ಲಿ ಲಿಪಿಡ್ ಪೊರೆಯುಳ್ಳ ವಿದ್ಯುದಗ್ರಗಳು ದ್ರಾವಣದ ರುಚಿಗೆ ಅನುಗುಣವಾಗಿ ವೋಲ್ಟೇಜಿನ ಬದಲಾವಣೆಯನ್ನು ತೋರುತ್ತವೆ. ಆವೇಶವಿಲ್ಲದ ಅಣುಗಳ ವಿಷಯದಲ್ಲಿ ಅದರ ಸಾಮರ್ಥ್ಯ ಸೀಮಿತ, ಬೆಲೆಯೂ ದುಬಾರಿ. ನೀರಡಿಸಿದ ಇಲಿ ಕೆಲವು ಸೆಕೆಂಡುಗಳಲ್ಲಿ ಎಷ್ಟು ಸಲ ನೆಕ್ಕುತ್ತದೆಂಬುದನ್ನು ಎಣಿಸುವ ವಿಧಾನವೂ ಬಳಕೆಯಲ್ಲಿದೆ.

ಹೆಚ್ಚಿನ ಖರ್ಚಿಲ್ಲದೆ ಯಾವ ಕಾಲೇಜಿನಲ್ಲಿಯೂ ಮಾಡಬಹುದಾದ ಪರೀಕ್ಷೆ ಒಂದಿದೆ. ಲಾಲಾರಸವನ್ನು ಹೋಲುವ, ಪಿಎಚ್ 6.8ರ ದ್ರವದ ಕೆಲವೇ ಮಿಲಿಲೀಟರುಗಳಲ್ಲಿ ಮಾತ್ರೆಯನ್ನಿಟ್ಟು 30 ಸೆಕೆಂಡು, 1 ನಿಮಿಷ, 3 ನಿಮಿಷ, 5 ನಿಮಿಷಗಳಲ್ಲಿ ಕರಗಿದ ಔಷಧವನ್ನು ಅಳೆಯುವುದು, ಬಳಿಕ ಅದೇ ತಂಡದ ಮಾತ್ರೆಯನ್ನು ಆಮ್ಲೀಯ ದ್ರವದಲ್ಲಿಟ್ಟು 15 ನಿಮಿಷಗಳಲ್ಲಿ ಎಷ್ಟು ಬಿಡುಗಡೆಯಾಯಿತೆಂದು ನೋಡುವುದು. ರೂಢಿಯ 900 ಮಿಲಿಲೀಟರಿನ ಪಾತ್ರೆಯಲ್ಲಿ ನಡೆಸುವ ಪರೀಕ್ಷೆ ಬಾಯಿಯ ಬಗ್ಗೆ ಏನನ್ನೂ ಹೇಳುವುದಿಲ್ಲ, ಅಷ್ಟು ನೀರಿನಲ್ಲಿ ಸಣ್ಣ ಸೋರಿಕೆ ಕಾಣದಂತಾಗುತ್ತದೆ. ಎರಡೂ ಅಂಕಿಗಳು ಒಂದೇ ಕೋಷ್ಟಕದಲ್ಲಿ ಅಕ್ಕಪಕ್ಕ ಇದ್ದಾಗ ಮಾತ್ರ ಮರೆಮಾಡಿದ್ದು ರುಚಿಯನ್ನೋ ಔಷಧವನ್ನೋ ಎಂಬುದು ಓದುಗನಿಗೆ ತಿಳಿಯುತ್ತದೆ.

ಮಗು ಉಗುಳಿದ ಮಾತ್ರೆ

ರುಚಿಯ ಪ್ರಶ್ನೆ ಸೌಕರ್ಯದ್ದೇ ಹೊರತು ಚಿಕಿತ್ಸೆಯದ್ದಲ್ಲ ಎಂದು ಭಾವಿಸುವವರು ಅತಿಸಾರದ ಉದಾಹರಣೆಯನ್ನು ಗಮನಿಸಬೇಕು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2004ರಲ್ಲಿ ಹೊರಡಿಸಿದ ಜಂಟಿ ಹೇಳಿಕೆಯಲ್ಲಿ ಭೇದಿಯಿಂದ ಬಳಲುವ ಮಕ್ಕಳಿಗೆ ಮರುಪೂರಣ ದ್ರಾವಣದ ಜೊತೆಗೆ ದಿನಕ್ಕೆ 20 ಮಿಲಿಗ್ರಾಂ ಸತುವನ್ನು, ಆರು ತಿಂಗಳೊಳಗಿನ ಶಿಶುವಿಗಾದರೆ 10 ಮಿಲಿಗ್ರಾಂ, 10ರಿಂದ 14 ದಿನ ಕೊಡಬೇಕೆಂದು ಸೂಚಿಸಲಾಯಿತು. ಚಮಚದಲ್ಲಿ ನೀರು ಅಥವಾ ತಾಯಿಯ ಹಾಲಿನಲ್ಲಿ ಕದಡಿ ಕೊಡುವ ಮಾತ್ರೆ ಅದಕ್ಕಾಗಿ ಬಳಕೆಗೆ ಬಂತು. ಭೇದಿ ಮೂರು ನಾಲ್ಕು ದಿನಗಳಲ್ಲಿ ನಿಂತುಬಿಡುತ್ತದೆ. ಆಮೇಲಿನ ಹತ್ತು ದಿನ, ಆಟವಾಡುತ್ತಿರುವ ಮಗುವಿನ ಬಾಯಿಗೆ ಲೋಹದ ರುಚಿಯ, ಒಗರಾದ ಮದ್ದನ್ನು ಹಾಕುವ ತಾಯಿಯ ಪಾಡನ್ನು ಊಹಿಸಬಹುದು. ಎಚ್‌ಐವಿ ಸೋಂಕಿತ ಮಕ್ಕಳಿಗೆ ಕೊಡುತ್ತಿದ್ದ ಲೊಪಿನಾವಿರ್ ಮತ್ತು ರಿಟೊನಾವಿರ್ ದ್ರಾವಣದಲ್ಲಿ ಶೇಕಡ 42ರಷ್ಟು ಮದ್ಯಸಾರವಿತ್ತು, ರುಚಿ ಅಸಹನೀಯವಾಗಿತ್ತು. ಭಾರತದ ಸಿಪ್ಲಾ ಸಂಸ್ಥೆ ತಯಾರಿಸಿದ ಅದೇ ಔಷಧಗಳ ಸಣ್ಣ ಗುಂಡುಗಳಿಗೆ ಅಮೆರಿಕದ ಆಡಳಿತವು 2015ರಲ್ಲಿ ತಾತ್ಕಾಲಿಕ ಅನುಮೋದನೆ ನೀಡಿತು. ಅಂಬಲಿಯಂಥ ಮೃದು ಆಹಾರದ ಮೇಲೆ ಉದುರಿಸಿ ಕೊಡುವ ಆ ಗುಂಡುಗಳನ್ನು ಅಗಿಯದೆ ನುಂಗಬೇಕಾದ್ದರಿಂದ ತೀರ ಎಳೆಯ ಶಿಶುಗಳ ಸಮಸ್ಯೆ ಅಲ್ಲಿಗೂ ಪೂರ್ತಿ ನೀಗಲಿಲ್ಲ.

ಇದರ ಮತ್ತೊಂದು ಮಗ್ಗುಲೂ ಉಂಟು. ಕಹಿಯು ವಿಷದಿಂದ ದೂರವಿರಿಸುವ ಕಾವಲು. ಆ ಕಾವಲನ್ನು ತೆಗೆದಾಗ ಮಾತ್ರೆ ಪೆಪ್ಪರಮಿಂಟಾಗುತ್ತದೆ. ಅಮೆರಿಕದಲ್ಲಿ ಸಿಹಿಯಾದ, ಕಿತ್ತಳೆ ಸುವಾಸನೆಯ ಮಕ್ಕಳ ಆಸ್ಪಿರಿನ್ ಮಾರುಕಟ್ಟೆಗೆ ಬಂದ ನಂತರದ ದಶಕಗಳಲ್ಲಿ ಅದನ್ನು ಮಿಠಾಯಿಯೆಂದು ತಿಂದ ಮಕ್ಕಳ ವಿಷಪ್ರಕರಣಗಳು ಹೆಚ್ಚಿದವು. ಮಗು ತೆರೆಯಲಾರದ ಮುಚ್ಚಳವನ್ನು ಕಡ್ಡಾಯಗೊಳಿಸಿದ ಅಲ್ಲಿನ 1970ರ ಕಾನೂನಿನ ಹಿನ್ನೆಲೆಯಲ್ಲಿ ಈ ಅನುಭವವೂ ಇತ್ತು. ಅತ್ತ 1958ರಲ್ಲಿ ಸ್ಕಾಟ್‌ಲೆಂಡಿನಲ್ಲಿ ಅಕಸ್ಮಾತ್ತಾಗಿ ಪತ್ತೆಯಾದ ಡಿನಾಟೋನಿಯಂ ಎಂಬ ಅತಿಕಹಿಯ ಪದಾರ್ಥವನ್ನು ಮಕ್ಕಳು ಕುಡಿಯದಿರಲೆಂದು ಶುದ್ಧಿದ್ರಾವಣಗಳಿಗೆ ಬೇಕೆಂದೇ ಬೆರೆಸುತ್ತಾರೆ. ಕಹಿಯನ್ನು ಯಶಸ್ವಿಯಾಗಿ ಮರೆಮಾಡಿದ ಮಾತ್ರೆಯನ್ನು ರೂಪಿಸುವಾಗಲೇ ಅದರ ಹೊದಿಕೆಹಾಳೆ ಪುಟ್ಟ ಬೆರಳುಗಳಿಗೆ ಸುಲಭವಾಗಿ ಬಿಚ್ಚದಂತೆಯೂ, ನಡುಗುವ ಮುಪ್ಪಿನ ಬೆರಳುಗಳಿಗೆ ಬಿಚ್ಚುವಂತೆಯೂ ಇರಬೇಕಾಗುತ್ತದೆ. ಇಂಥ ಹಾಳೆಯನ್ನು ರೂಪಿಸುವ ಕೆಲಸಕ್ಕೆ ಮೇಲೆ ಹೇಳಿದ ಬಗೆಯ ಪ್ರಬಂಧಗಳಲ್ಲಿ ಇನ್ನೂ ತಕ್ಕ ಸ್ಥಾನ ದೊರೆಯಬೇಕಾಗಿದೆ.